ಊಟಕ್ಕೆ ಕರೆಯುವ ಭಾಷೆ

ನಾನು ಬೆಳೆದದ್ದು ಒಂದೂವರೆ ಮನೆಯಲ್ಲಿ. ಪರ್ತ್‌ನ ಥಾರ್ನ್ಲಿಯಲ್ಲಿ ಅಪ್ಪ ಕೊಂಡಿದ್ದ ಇಟ್ಟಿಗೆ ಮನೆ ಒಂದು. ಪಕ್ಕದ ಮನೆಯ ಅಡುಗೆಕೋಣೆ, ಅದರ ಊಟದ ಮೇಜು, ಹಿಂಬಾಗಿಲ ಮೆಟ್ಟಿಲು ಸೇರಿ ಇನ್ನರ್ಧ. ಎರಡರ ನಡುವೆ ಬೂದು ಬಣ್ಣದ ಸಿಮೆಂಟ್ ಶೀಟಿನ ಬೇಲಿ ಇತ್ತು. ನನಗೆ ಐದು ವರ್ಷವಾಗಿದ್ದಾಗ ಚಳಿಗಾಲದ ಒಂದು ಗಾಳಿಗೆ ಅದರ ಒಂದು ಶೀಟು ಮುರಿದು ಬಿತ್ತು. ಸರಿಮಾಡಿಸುವವರು ಯಾರು ಎಂದು ಎರಡೂ ಮನೆಯವರು ಮರ್ಯಾದೆಯಿಂದ ಮೀನಮೇಷ ಎಣಿಸುತ್ತಾ ಕೂತರು. ಅಷ್ಟರಲ್ಲಿ ನಾನು ಆ ಸಂದಿಯಲ್ಲಿ ನುಗ್ಗಿ ಆಚೆ ಮನೆಯ ಮೇಜಿಗೆ ಕೂತಾಗಿತ್ತು. ಆಮೇಲೆ ಐದಾರು ವರ್ಷ ಆ ಸಂದಿಯನ್ನು ಯಾರೂ ಮುಚ್ಚಲಿಲ್ಲ. ಕೊನೆಗೆ ಮುಚ್ಚಿದವರು ಅಪ್ಪ. ಅವರು ಶೀಟು ನಿಲ್ಲಿಸುವಾಗ ಸ್ಕ್ರೂಗಳ ಡಬ್ಬ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವಳು ನಾನು. ಎಲ್ಲ ತಪ್ಪನ್ನೂ ಅಪ್ಪನ ತಲೆಗೆ ಕಟ್ಟಿ ಇಷ್ಟು ವರ್ಷ ಹಾಯಾಗಿದ್ದೆ, ಇನ್ನು ಅದು ಸಾಧ್ಯವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಭೂವಿಜ್ಞಾನಿ. ಉತ್ತರದ ಕಬ್ಬಿಣದ ಗಣಿಯಲ್ಲಿ ಎರಡು ವಾರ, ಮನೆಯಲ್ಲಿ ಒಂದು ವಾರ, ಇದು ಅವರ ಸರದಿ. ಹೊರಬಾಗಿಲ ಬಳಿ ಕೆಂಪು ಮಣ್ಣು ಮೆತ್ತಿದ ಬೂಟು ಕಂಡಿತೆಂದರೆ ಮನೆಯಲ್ಲಿ ನಾನೂ ಅಮ್ಮನೂ ದನಿ ತಗ್ಗಿಸುತ್ತಿದ್ದೆವು. ಅಮ್ಮ ಅದಿರಿನ ಮಾದರಿ ಪರೀಕ್ಷಿಸುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು, ಮನೆಗೆ ಬರುವಾಗ ಸಂಜೆ ಆರೂವರೆ. ನನ್ನ ಸ್ಕೂಲು ಮೂರಕ್ಕೆ ಬಿಡುತ್ತಿತ್ತು. ನಡುವಿನ ಮೂರೂವರೆ ಗಂಟೆ ನನ್ನನ್ನು ಸಾಕಿದವಳು ಪೋಪೋ. ಅದು ಅವಳ ಹೆಸರಲ್ಲ; ಕ್ಯಾಂಟೊನೀಸ್ ಆಡುವ ಮಕ್ಕಳು ಅಜ್ಜಿಯನ್ನು ಕರೆಯುವುದು ಹಾಗೆ. ಅವಳ ನಿಜವಾದ ಹೆಸರೇನೆಂದು ನನಗೆ ತಿಳಿದದ್ದು ಮೊನ್ನೆ ಮೊನ್ನೆ, ಒಂದು ಊಟದ ಪಟ್ಟಿಯ ಮೇಲೆ ಬರೆದಿದ್ದನ್ನು ನೋಡಿದಾಗ. ಅವಳು ಹಾಂಗ್‌ಕಾಂಗ್‌ನಿಂದ ಮಗಳು ಐವಿ ಆಂಟಿಯ ಜೊತೆ ಬಂದಿದ್ದ ವಿಧವೆ. ಐವಿ ಆಂಟಿ ಔಷಧದ ಅಂಗಡಿಯಲ್ಲಿ ಫಾರ್ಮಸಿಸ್ಟ್. ಪೋಪೋಗೆ ಇಂಗ್ಲಿಷ್ ಬಾರದು, ನನಗೆ ಕ್ಯಾಂಟೊನೀಸ್ ಬಾರದು. ಒಂದು ವರ್ಷದೊಳಗೆ ನನಗೆ ಬಂತು. ಅವಳು ನನ್ನನ್ನು ಮುಯ್‌ಮುಯ್ ಎಂದು ಕರೆಯುತ್ತಿದ್ದಳು, ಅಂದರೆ ಪುಟ್ಟಿ. ನನ್ನ ಹೆಸರು ವಸುಧಾ ಎಂದು ಎಷ್ಟು ಸಲ ಹೇಳಿಕೊಟ್ಟರೂ ಅದನ್ನು ಬಾಯಿಗೆ ಹಾಕಿಕೊಂಡು ಅಗಿದು ಉಗುಳುತ್ತಿದ್ದಳೇ ಹೊರತು ಸರಿಯಾಗಿ ಹೇಳಿದ್ದೇ ಇಲ್ಲ.

ಅಮ್ಮನಿಗೆ ಮೊದಲು ಭಯವಿದ್ದದ್ದು ಮಾಂಸದ್ದು. ನಾವು ಮೊಟ್ಟೆಯನ್ನೂ ಮುಟ್ಟದವರು. ಆ ಮನೆಯ ಹಿತ್ತಿಲ ತಂತಿಯ ಮೇಲೆ ಬಟ್ಟೆಗಳ ಜೊತೆ ಒಣ ಮೀನೂ ತೂಗುತ್ತಿತ್ತು. ಮೊದಲ ವಾರ ಅಮ್ಮ ಕೆಲಸಕ್ಕೆ ರಜೆ ಹಾಕಿ ಅವರ ಅಡುಗೆಕೋಣೆಯಲ್ಲಿ ಕೂತು ನೋಡಿದಳು. ಪೋಪೋ ಮಾತಾಡದೆ ಒಂದು ಹೊಸ ಬಾಣಲೆ ತಂದು ಅಮ್ಮನ ಮುಂದೆ ಇಟ್ಟು, ನನ್ನನ್ನು ತೋರಿಸಿ, ಅದರ ಹಿಡಿಗೆ ಕೆಂಪು ದಾರ ಕಟ್ಟಿದಳು. ಒಂದು ಜೊತೆ ಊಟದ ಕಡ್ಡಿಗೂ ಅದೇ ದಾರ ಕಟ್ಟಿದಳು. ಅವಳೂ ಅವರ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯ ದಿನ ಸೊಪ್ಪು, ತೋಫು ಬಿಟ್ಟು ಬೇರೇನೂ ತಿನ್ನುವುದಿಲ್ಲ ಎಂದು ಐವಿ ಆಂಟಿ ಹೇಳಿದ ಮೇಲಂತೂ ಅಮ್ಮನ ಮುಖ ಇಷ್ಟಗಲವಾಯಿತು. ಹುಣ್ಣಿಮೆಗೆ ಅಮ್ಮ ಪಾಯಸ ಕಳಿಸುವುದು, ಅವಳು ಕಡಲೆಕಾಯಿ ಬೀಜ ಹಾಕಿದ ಗಂಜಿ ಕಳಿಸುವುದು ನಡೆಯಿತು. ಒಮ್ಮೆ ಅಮ್ಮ ತಿಳಿಸಾರು ಕಳಿಸಿದರೆ ಪೋಪೋ ಅದನ್ನು ಅನ್ನಕ್ಕೆ ಹಾಕದೆ ಬಟ್ಟಲಿಗೆ ಸುರಿದುಕೊಂಡು ಊಟಕ್ಕೆ ಮುಂಚೆಯೇ ಸೊರ್ರನೆ ಕುಡಿದು ಮುಗಿಸಿದಳು, ಕೆಮ್ಮಿದಳು, ಕಣ್ಣೊರೆಸಿಕೊಂಡು ಇನ್ನೊಂದು ಬಟ್ಟಲು ಕೇಳಿದಳು. ಆ ಮೇಜಿನ ಮೇಲೆ ನಾನು ಕಂಡಷ್ಟು ನಗು ಆಮೇಲೆ ನಮ್ಮ ಯಾವ ಮನೆಯಲ್ಲೂ ಕಾಣಲಿಲ್ಲ.

ಆ ಮೇಜಿಗೆ ಒಂದು ಕಟ್ಟಳೆ ಇತ್ತು. ಊಟ ಶುರುವಾಗುವ ಮುಂಚೆ ಕಿರಿಯರು ಹಿರಿಯರನ್ನು ಒಬ್ಬೊಬ್ಬರನ್ನಾಗಿ, ಸಂಬಂಧ ಹೇಳಿ, ಊಟಕ್ಕೆ ಕರೆಯಬೇಕು. ಎಲ್ಲರೂ ಆಗಲೇ ಮೇಜಿನ ಸುತ್ತ ಕೂತಿರುತ್ತಾರೆ, ಅನ್ನ ಎದುರಿಗೇ ಇರುತ್ತದೆ, ಆದರೂ ಕರೆಯಬೇಕು. ವಯಸ್ಸಿನಲ್ಲಿ ದೊಡ್ಡವರು ಮೊದಲು. "ಪೋಪೋ, ಸಿಕ್ ಫಾನ್." ಅಜ್ಜಿ, ಊಟ ಮಾಡಿ. ಐವಿ ಆಂಟಿ ಇದ್ದರೆ ಆಮೇಲೆ "ಯೀಯೀ, ಸಿಕ್ ಫಾನ್." ಚಿಕ್ಕಮ್ಮ, ಊಟ ಮಾಡಿ. ಕರೆಸಿಕೊಂಡವರು ಹ್ಞೂಂ ಅಂದು ಕಡ್ಡಿ ಎತ್ತಿದ ಮೇಲೆ ಮಕ್ಕಳು ಎತ್ತಬೇಕು. ಒಂದು ದಿನ, ಏಳು ವರ್ಷ ಇರಬೇಕು ನನಗೆ, ಸ್ಕೂಲಿನಲ್ಲಿ ಏನೋ ಆಗಿ ಮುಖ ಊದಿಸಿಕೊಂಡು ಬಂದವಳು ಕರೆಯಲಿಲ್ಲ. ಪೋಪೋ ಬೈಯಲಿಲ್ಲ. ಬಲಗೈಯನ್ನು ಎಡಗೈ ಮೇಲೆ ಇಟ್ಟು, ಎರಡನ್ನೂ ಮಡಿಲಿಗೆ ಹಾಕಿಕೊಂಡು ಕೂತಳು. ನಾನೂ ಕೂತೆ. ಅನ್ನದ ಹಬೆ ನಿಂತಿತು, ಸೊಪ್ಪು ಕಪ್ಪಾಯಿತು. ಆರೂವರೆಗೆ ಅಮ್ಮ ಸಂದಿಯಿಂದ ತಲೆ ಹಾಕಿದಾಗ ಇಬ್ಬರೂ ಹಾಗೇ ಕೂತಿದ್ದೆವು. ಅಮ್ಮನನ್ನು ನೋಡಿ ನನಗೆ ಅಳು ಬಂತು, ಅಳುತ್ತಲೇ ಕರೆದೆ. ಪೋಪೋ ತಕ್ಷಣ ಕಡ್ಡಿ ಎತ್ತಿ, ತಣ್ಣಗಿನ ಅನ್ನವನ್ನು ಏನೂ ಆಗದವಳ ಹಾಗೆ ತಿಂದಳು. ಅವತ್ತು ನನಗೆ ಅರ್ಥವಾದದ್ದು ಇಷ್ಟು: ನಾನು ಕರೆಯದಿದ್ದರೆ ಈ ಮುದುಕಿ ಹಸಿದುಕೊಂಡೇ ಇರುತ್ತಾಳೆ. ಏಳು ವರ್ಷದ ಮಗುವಿಗೆ ಅಷ್ಟು ದೊಡ್ಡ ಅಧಿಕಾರ ಇನ್ನೆಲ್ಲಿ ಸಿಗಬೇಕು. ಸ್ಕೂಲಿನಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ.

ಆ ಕಟ್ಟಳೆಯನ್ನು ನಾನು ಸಂದಿ ದಾಟಿಸಿ ನಮ್ಮ ಮನೆಗೂ ತಂದೆ. ನಮ್ಮಲ್ಲಿ ಅಲ್ಲಿಯ ತನಕ ಊಟವೆಂದರೆ ಅವರವರ ಹೊತ್ತಿಗೆ ಅವರವರ ತಟ್ಟೆ. ಅಪ್ಪ ಗಣಿಯಿಂದ ಬಂದಿದ್ದ ಒಂದು ಶನಿವಾರ ಮೂವರೂ ಒಟ್ಟಿಗೆ ಕೂತಾಗ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕನ್ನಡದಲ್ಲೇ ಕರೆದೆ.

"ಅಪ್ಪಾ, ಊಟ ಮಾಡಿ. ಅಮ್ಮಾ, ಊಟ ಮಾಡು."

"ಏನೇ ಇದು? ಹೋಟ್ಲು ಮಾಣಿ ತರ!" ಅಂದರು ಅಪ್ಪ.

"ಆ ಅಜ್ಜಿ ಕಲ್ಸಿರೋದು ರೀ. ಚೆನ್ನಾಗಿದೆ ಅಲ್ವಾ? ಸುಮ್ನೆ ಹ್ಞೂಂ ಅಂದ್ಬಿಡಿ," ಅಂದಳು ಅಮ್ಮ.

ಅಪ್ಪ ಹ್ಞೂಂ ಅಂದರು. ಅವರಿಗೂ ಇಷ್ಟವಾಯಿತು ಅಂತ ಈಗಲೂ ನಂಬಿದ್ದೇನೆ, ಯಾಕೆಂದರೆ ಮಾರನೆಯ ದಿನ ನಾನು ಮರೆತಾಗ ತಟ್ಟೆ ಮುಂದೆ ಇಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಮಗಳ ಬಾಯಿಂದ ಕನ್ನಡ ಕೇಳಬೇಕು ಅನ್ನುವುದು ಅವರ ದೊಡ್ಡ ಹಟ. ನಾನು ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಅವರು ಕಿವುಡರಾಗಿಬಿಡುತ್ತಿದ್ದರು. ಹಾಗಾಗಿ ಪೋಪೋಳಿಂದ ಕಲಿತ ಆ ಎರಡು ವಾಕ್ಯವೇ ನಮ್ಮ ಮನೆಯಲ್ಲಿ ನಾನು ತಪ್ಪದೆ ಆಡುತ್ತಿದ್ದ ಕನ್ನಡ.

ಅಪ್ಪನ ಭಾಷಾಪ್ರೇಮದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಅವರು ಮನೆಯಲ್ಲಿದ್ದ ವಾರ ಗಣಿಯ ಸ್ನೇಹಿತರು ಊಟಕ್ಕೆ ಬರುತ್ತಿದ್ದರು. ಅವರಲ್ಲಿ ಲಖನೌ ಕಡೆಯ ಮಿಶ್ರಾ ಅಂಕಲ್ ಇದ್ದರು, ಕಂಪನಿ ಸೇರುವ ಮುಂಚೆ ನಾಲ್ಕು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದವರು. ಬಿಸಿಬೇಳೆಬಾತನ್ನು ಮೂರು ಸಲ ಹಾಕಿಸಿಕೊಂಡು, ಬೆಂಗಳೂರಿಗೆ ಹೊಸದಾಗಿ ಹೋಗುವವರು ಕನ್ನಡ ಕಲಿಯುವ ತಾಪತ್ರಯ ಯಾಕೆ, ಹಿಂದಿಯಲ್ಲಿ ಎಲ್ಲ ಕೆಲಸವೂ ಆಗುತ್ತದೆ, ಮುಂದೆ ಉಳಿಯುವುದೂ ಹಿಂದಿಯೇ ಅಂದರು. ಅಪ್ಪ ಮೇಜು ಗುದ್ದಿದ ರಭಸಕ್ಕೆ ಉಪ್ಪಿನಕಾಯಿ ಬಟ್ಟಲು ಮಗುಚಿತು. ಇಂಗ್ಲಿಷಿನಲ್ಲಿ ಶುರು ಮಾಡಿದವರು ಸಿಟ್ಟು ಏರಿದ ಹಾಗೆ ಕನ್ನಡಕ್ಕೇ ಬಂದರು.

"ನಾಲ್ಕು ವರ್ಷ ನಮ್ಮೂರ ಅನ್ನ ತಿಂದು ಒಂದು ಮಾತು ಕಲಿಯೋಕೆ ಆಗ್ಲಿಲ್ವೇನ್ರೀ? ಕೆಲಸ ಆಗುತ್ತೆ ಅಂತೆ ಕೆಲಸ! ಭಾಷೆ ಅಂದ್ರೆ ಬರೀ ಕೆಲಸ ಆಗೋಕಾ? ಹಾಲಿನವ್ಳ ಹತ್ರ, ಎದುರು ಮನೆ ಅಜ್ಜಿ ಹತ್ರ ಏನು ಮಾತಾಡಿದ್ರಿ ನೀವು?"

ಮಿಶ್ರಾ ಅಂಕಲ್‌ಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ, ಅದೇ ಅಪ್ಪನ ವಾದಕ್ಕೆ ಸಾಕ್ಷಿ. ನನಗೆ ಮೈ ಜುಮ್ಮೆಂದಿತು. ಎದುರು ಮನೆಯ ಅಜ್ಜಿಯ ಮಾತು ಕಲಿಯುವುದು ದೊಡ್ಡ ಕೆಲಸ, ಅದನ್ನು ನಾನು ಆಗಲೇ ಮಾಡಿಬಿಟ್ಟಿದ್ದೇನೆ, ಅಪ್ಪನಿಗೆ ಅದು ಗೊತ್ತು ಎಂದುಕೊಂಡೆ. ಮಕ್ಕಳು ಅಪ್ಪಂದಿರ ಸಿಟ್ಟನ್ನು ತತ್ವ ಎಂದು ತಿಳಿಯುತ್ತಾರೆ.

ನಾನು ಹತ್ತನೆಯ ವಯಸ್ಸಿಗೆ ಕಾಲಿಟ್ಟ ವರ್ಷ ಅಪ್ಪನ ಕಂಪನಿ ನದಿಯ ದಂಡೆಯ ಪಾರ್ಕಿನಲ್ಲಿ ಒಂದು ಬಾರ್ಬಿಕ್ಯೂ ಊಟ ಇಟ್ಟುಕೊಂಡಿತ್ತು. ಅದಿರು ಕೊಳ್ಳಲು ಬೀಜಿಂಗ್‌ನಿಂದ ಮೂವರು ಬಂದಿದ್ದರು. ಅಪ್ಪ ನನಗೆ ರೇಷ್ಮೆ ಲಂಗ ತೊಡಿಸಿ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಕಾರಿನಲ್ಲಿ, ಚೈನೀಸ್‌ನಲ್ಲಿ ಚೆನ್ನಾಗಿ ಮಾತಾಡಬೇಕು ಪುಟ್ಟಾ, ದೊಡ್ಡ ಸಾಹೇಬರೂ ಇರ್ತಾರೆ ಎಂದು ಹೇಳುತ್ತಿದ್ದರು. ಚೈನೀಸ್ ಎಂದರೆ ಒಂದೇ ಭಾಷೆ ಎಂದು ತಿಳಿದಿದ್ದರು. ಯಾರಾದರೂ ಅವರನ್ನು ನೀವು ಇಂಡಿಯನ್ ಭಾಷೆ ಮಾತಾಡ್ತೀರಾ ಎಂದು ಕೇಳಿದರೆ ಅರ್ಧ ಗಂಟೆ ಉಪನ್ಯಾಸ ಕೊಡುತ್ತಿದ್ದ ಮನುಷ್ಯ, ಪಕ್ಕದ ಮನೆಯವರ ಭಾಷೆಯ ಹೆಸರನ್ನು ಐದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅತಿಥಿಗಳ ಮುಂದೆ ತಟ್ಟೆಗಳಿದ್ದವು. ನನಗೆ ಗೊತ್ತಿದ್ದ ಅತಿ ಒಳ್ಳೆಯ ಮಾತನ್ನೇ ಆಡಿದೆ. ಮೂವರನ್ನೂ ವಯಸ್ಸಿನ ಪ್ರಕಾರ ಅಂದಾಜು ಮಾಡಿ, ದೊಡ್ಡಪ್ಪ, ಚಿಕ್ಕಪ್ಪ, ಚಿಕ್ಕಮ್ಮ ಎಂದು ಒಬ್ಬೊಬ್ಬರನ್ನೂ ಊಟಕ್ಕೆ ಕರೆದೆ.

ಅವರು ಮುಖ ಮುಖ ನೋಡಿಕೊಂಡು ನಕ್ಕರು. ಕೆಟ್ಟ ನಗುವಲ್ಲ. ಅವರಲ್ಲಿದ್ದ ಹೆಂಗಸು ನನ್ನ ಕೆನ್ನೆ ತಟ್ಟಿ ಅಪ್ಪನಿಗೆ ಇಂಗ್ಲಿಷಿನಲ್ಲಿ, ಮುದ್ದಾಗಿದ್ದಾಳೆ, ಆದರೆ ಇದು ದಕ್ಷಿಣದ ಕಡೆಯ ಆಡುಮಾತು, ನಮಗೆ ಅರ್ಥವಾಗುವುದಿಲ್ಲ, ಮಗುವಿಗೆ ಸರಿಯಾದ ಭಾಷೆ ಕಲಿಸಿ, ಮ್ಯಾಂಡರಿನ್, ಅದಕ್ಕೇ ಭವಿಷ್ಯ ಇರುವುದು ಎಂದಳು. ಅಪ್ಪ ಮೇಜು ಗುದ್ದುತ್ತಾರೆ ಎಂದು ನಾನು ಕಾದೆ. ಅವರು ತಲೆ ಆಡಿಸಿದರು. ಎರಡು ಸಲ ಆಡಿಸಿ ಥ್ಯಾಂಕ್ಸ್ ಅಂದರು.

ಮಾರನೆಯ ದಿನ ಅಪ್ಪ ಸಂದಿ ದಾಟಿ ಪೋಪೋ ಮನೆಗೆ ಹೋದರು. ಐದು ವರ್ಷದಲ್ಲಿ ಅವರು ಅಲ್ಲಿ ಕೂತದ್ದು ಅದೇ ಮೊದಲು. ಐವಿ ಆಂಟಿಯನ್ನು ನಡುವೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿದರು. ಅವರು ಕೆಟ್ಟದಾಗಿ ಮಾತಾಡಲಿಲ್ಲ, ಬಹಳ ನಯವಾಗಿಯೇ ಹೇಳಿದರು. ಇನ್ನು ಮೇಲೆ ವಸು ಶನಿವಾರದ ಮ್ಯಾಂಡರಿನ್ ಕ್ಲಾಸಿಗೆ ಹೋಗುತ್ತಾಳೆ. ಎರಡೂ ಒಟ್ಟಿಗಾದರೆ ಮಗುವಿನ ತಲೆ ಕೆಡುತ್ತದೆ. ನಿಮ್ಮ ತಾಯಿ ಅವಳ ಜೊತೆ ಮ್ಯಾಂಡರಿನ್‌ನಲ್ಲಿ ಮಾತಾಡುವುದಾದರೆ ಆಡಲಿ, ಇಲ್ಲದಿದ್ದರೆ ಸುಮ್ಮನಿರಲಿ. ಈ ದೇಶಕ್ಕೆ ಹೊಸದಾಗಿ ಬರುವ ಚೀನೀಯರೆಲ್ಲ ಅದನ್ನೇ ಆಡುತ್ತಾರಂತೆ, ಇನ್ನು ಇಪ್ಪತ್ತು ವರ್ಷಕ್ಕೆ ಕ್ಯಾಂಟೊನೀಸ್‌ನಲ್ಲಿ ಕೆಲಸ ಏನಾಗುತ್ತದೆ? ಮಿಶ್ರಾ ಅಂಕಲ್ ಹೇಳಿದ ಮಾತೇ, ಒಂದು ಅಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಅಮ್ಮ ಬಾಗಿಲ ಬಳಿ ಸೆರಗಿನ ತುದಿ ಸುತ್ತಿಕೊಳ್ಳುತ್ತಾ ನಿಂತಿದ್ದಳು. ಅವಳು ಆಗಲೂ ಏನೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಅಮ್ಮನ ಮೇಲೆ ನನಗೆ ಉಳಿದಿರುವ ಸಿಟ್ಟು ಅದೊಂದೇ.

ಐವಿ ಆಂಟಿ ಜಗಳವಾಡಬಹುದಿತ್ತು. ಆಡಲಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ನೀವು ಹೇಳೋದು ಸುಳ್ಳಲ್ಲ. ನನ್ನ ಅಂಗಡಿಗೆ ಬರೋ ಹೊಸಬರೂ ಅದೇ ಮಾತಾಡ್ತಾರೆ, ನಾನೂ ಕಲೀತಾ ಇದೀನಿ. ಭಾನುವಾರ ನಮ್ಮ ಸಂಘದ ಹಾಲ್‌ನಲ್ಲಿ ಕ್ಯಾಂಟೊನೀಸ್ ಕ್ಲಾಸ್ ಇತ್ತು, ಮಕ್ಕಳು ಬರದೆ ನಿಂತುಹೋಯ್ತು. ಅಮ್ಮನಿಗೆ ಹೇಳ್ತೀನಿ. ಆದ್ರೆ ಹೇಗೆ ಹೇಳ್ಬೇಕೋ ನನಗೆ ಗೊತ್ತಿಲ್ಲ."

ಹೇಳಿದರು. ಪೋಪೋ ಕೇಳಿಸಿಕೊಂಡು ನನ್ನ ಕಡೆ ನೋಡಿದಳು. ನಾನು ಫ್ರಿಜ್ಜಿನ ಮೇಲಿನ ಕ್ಯಾಲೆಂಡರು ನೋಡಿದೆ. ಅವಳು ಅಪ್ಪನಿಗೆ ಕಿತ್ತಳೆ ಹಣ್ಣು ಸುಲಿದು ಕೊಟ್ಟಳು. ಅಪ್ಪ ತಿಂದು, ಕೈ ಒರೆಸಿಕೊಂಡು ಎದ್ದು ಬಂದರು.

ಆಮೇಲೆ ನಡೆದದ್ದು ನನ್ನದೇ ಕೆಲಸ. ಶನಿವಾರದ ಕ್ಲಾಸಿನಲ್ಲಿ ನಾನು ಎಲ್ಲರಿಗಿಂತ ಮುಂದೆ ಓಡಿದೆ, ಪೋಪೋ ಐದು ವರ್ಷ ಕಿವಿಗೆ ಕೊಟ್ಟಿದ್ದ ತಾಲೀಮು ಸುಮ್ಮನೆ ಹೋಗಲಿಲ್ಲ. ಅಪ್ಪ ಮೊದಲ ಬಾರಿಗೆ ನನ್ನ ಬಗ್ಗೆ ಫೋನಿನಲ್ಲಿ ನಾಲ್ಕು ಜನಕ್ಕೆ ಹೇಳಿದರು. ಆ ಹೊಗಳಿಕೆ ತಲೆಗೇರಿತು. ಇತ್ತ ಪೋಪೋ, ಅರವತ್ತು ದಾಟಿದವಳು, ಲೈಬ್ರರಿಯಿಂದ ಮಗಳ ಕೈಲಿ ಮ್ಯಾಂಡರಿನ್ ಕ್ಯಾಸೆಟ್ ತರಿಸಿಕೊಂಡಳು. ನಾನು ಸ್ಕೂಲಿನಿಂದ ಬರುವಾಗ ಅವಳ ಅಡುಗೆಕೋಣೆಯಿಂದ ಕ್ಯಾಸೆಟ್ಟಿನ ಹೆಂಗಸಿನ ದನಿ, ಅದರ ಹಿಂದೆ ತಡವರಿಸುವ ಇವಳ ದನಿ ಕೇಳುತ್ತಿತ್ತು. ನಾನು ಒಳಗೆ ಬಂದರೆ ಕ್ಯಾಸೆಟ್ ಆರಿಸಿ, ಸ್ಟೋವಿನ ಮುಂದೆ ನಿಂತು, ಕಲಿತದ್ದನ್ನು ಒಪ್ಪಿಸುತ್ತಿದ್ದಳು. ಊಟ ಮಾಡು ಎನ್ನಲು ಮ್ಯಾಂಡರಿನ್‌ನಲ್ಲಿ ಚಿ ಫಾನ್. ಅವಳ ನಾಲಿಗೆ ಹೊರಳುತ್ತಿರಲಿಲ್ಲ, "ತ್ಸಿ ಫಾನ್" ಎನ್ನುತ್ತಿದ್ದಳು. ಅಂದು ನನ್ನ ಮುಖ ನೋಡುತ್ತಿದ್ದಳು, ಸರಿಯಾಯಿತೇ ಎಂದು. ನಾನು ನಗುತ್ತಿದ್ದೆ. ಕ್ಲಾಸಿನ ಮೇಡಂ ಮಾಡುವ ಹಾಗೆ ಬೆರಳೆತ್ತಿ ತಿದ್ದುತ್ತಿದ್ದೆ. ಮತ್ತೆ ಹೇಳು, ಮತ್ತೆ ಹೇಳು. ಅವಳು ಮತ್ತೆ ಹೇಳುತ್ತಿದ್ದಳು. ನನ್ನ ಜೊತೆ ಮಾತಾಡುವ ಹಕ್ಕಿಗಾಗಿ ಒಬ್ಬ ಮುದುಕಿ ಹತ್ತು ವರ್ಷದ ಹುಡುಗಿಯ ಮುಂದೆ ಪರೀಕ್ಷೆಗೆ ನಿಂತಿದ್ದಳು, ನಾನು ಅವಳನ್ನು ದಿನಾ ಫೇಲ್ ಮಾಡುತ್ತಿದ್ದೆ.

ಒಂದು ಸಂಜೆ ಐವಿ ಆಂಟಿ ಬೇಗ ಬಂದಿದ್ದರು. ಮೂವರೂ ಮೇಜಿಗೆ ಕೂತೆವು. ನಾನು ಮ್ಯಾಂಡರಿನ್‌ನಲ್ಲಿ ಕರೆದೆ. ಪೋಪೋ ಕೈ ಮಡಿಲಿಗೆ ಹಾಕಿಕೊಂಡು, ಬಹಳ ದಿನಗಳ ಮೇಲೆ ತನ್ನ ಮಾತಿನಲ್ಲೇ, ನನ್ನನ್ನು ನೋಡದೆ ಮಗಳಿಗೆ ಏನೋ ಹೇಳಿದಳು. ನನಗೆ ಎಲ್ಲ ಅರ್ಥವಾಯಿತು, ಆದರೂ ಐವಿ ಆಂಟಿ ಇಂಗ್ಲಿಷಿಗೆ ಮಾಡಿ ಹೇಳಿದರು.

"ಅಮ್ಮ ಒಂದು ಮಾತು ಕೇಳ್ತಾ ಇದಾಳೆ. ದಿನವಿಡೀ ನಿನ್ನ ಇಷ್ಟದ ಭಾಷೆ ಆಡು, ಅವಳು ಕಲೀತಾಳಂತೆ. ಊಟಕ್ಕೆ ಕರೆಯೋದು ಮಾತ್ರ ಅವಳ ಮಾತಲ್ಲಿ ಕರಿ. ಅಷ್ಟು ಸಾಕಂತೆ."

ನಾನು ಅಪ್ಪನ ಮಗಳು. "ನಮ್ಮಪ್ಪ ಬೇಡ ಅಂದಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಕಡ್ಡಿ ಎತ್ತಿದೆ. ಏಳನೆಯ ವಯಸ್ಸಿನಲ್ಲಿ ಹಟ ಹಿಡಿದು ಕೂತಾಗ ನಾನೂ ಹಸಿದಿದ್ದೆ, ಅನ್ನ ಮುಟ್ಟಿರಲಿಲ್ಲ. ಇವತ್ತು ತಿಂದೆ. ಕೆಂಪು ದಾರ ಕಟ್ಟಿದ ಕಡ್ಡಿಯಲ್ಲಿ ಅನ್ನ, ಸೊಪ್ಪು, ನನಗೆಂದೇ ಬೇರೆ ಬಾಣಲೆಯಲ್ಲಿ ಹುರಿದ ತೋಫು, ಒಂದೂ ಬಿಡದೆ ತಿಂದೆ. ಎದುರಿಗೆ ಅವಳು ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಐವಿ ಆಂಟಿ ಮೇಜಿಗೆ ಕೈಯೂರಿ ಎದ್ದು ಸಿಂಕಿನ ಕಡೆ ಹೋಗಿ ನಲ್ಲಿ ಬಿಟ್ಟುಕೊಂಡರು. ನಾನು ಬಟ್ಟಲು ಖಾಲಿ ಮಾಡಿ, ಥ್ಯಾಂಕ್ಯೂ ಅಂದು, ಸಂದಿ ದಾಟಿ ಬಂದೆ. ಎದುರಿಗಿರುವವರು ಉಪವಾಸ ಕೂತಿದ್ದರೂ ನನ್ನ ಗಂಟಲಲ್ಲಿ ತುತ್ತು ಇಳಿಯುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು. ಈ ಗುಣ ಆಮೇಲೆ ನನಗೆ ಬಹಳ ಅನುಕೂಲಕ್ಕೆ ಬಂದಿದೆ. ನನ್ನನ್ನು ಗಟ್ಟಿಗಿತ್ತಿ ಎನ್ನುವವರಿಗೆ ಇದರ ಮೂಲ ಗೊತ್ತಿಲ್ಲ.

ಅದಾದ ಮೇಲೆ ನಾನು ಆ ಕಡೆ ಹೋಗುವುದು ಕಡಿಮೆಯಾಯಿತು. ಕೆಲವು ತಿಂಗಳಿಗೆ ಅಪ್ಪನಿಗೆ ಬ್ರಿಸ್ಬೇನ್‌ಗೆ ವರ್ಗವಾಯಿತು. ಮನೆ ಮಾರುವಾಗ ಬೇಲಿ ಸರಿ ಇರಬೇಕು ಎಂದು ಏಜೆಂಟ್ ಹೇಳಿದ್ದರಿಂದ ಅಪ್ಪ ಹೊಸ ಶೀಟು ತಂದು ನಿಲ್ಲಿಸಿದರು, ನಾನು ಸ್ಕ್ರೂ ಕೊಟ್ಟೆ. ಆಚೆ ಪೋಪೋ ಬಟ್ಟೆ ಒಣಗಿಸುತ್ತಿದ್ದಳು. ಶೀಟು ಮೇಲೇಳುವ ತನಕ ಅವಳ ಚಪ್ಪಲಿ ಕಾಣುತ್ತಿತ್ತು.

ಬ್ರಿಸ್ಬೇನ್‌ನಲ್ಲಿ ನಾನು ಮ್ಯಾಂಡರಿನ್ ಓದಿದೆ, ಅದರಲ್ಲೇ ಡಿಗ್ರಿ ಮಾಡಿದೆ, ಅದರಿಂದಲೇ ಅನ್ನ ಕಂಡೆ. ಆ ವಿಷಯದಲ್ಲಿ ಅಪ್ಪನ ಲೆಕ್ಕ ತಪ್ಪಲಿಲ್ಲ. ನಮ್ಮ ಊಟದ ಮೇಜಿನ ಕರೆ ಮಾತ್ರ ಆ ಊರಿಗೆ ಬರಲಿಲ್ಲ, ಮತ್ತೆ ಅವರವರ ತಟ್ಟೆ ಅವರವರಿಗೆ. ಅಪ್ಪ ಈಗಲೂ ಅಲ್ಲೇ ಇದ್ದಾರೆ. ಪ್ರತಿ ರಾಜ್ಯೋತ್ಸವಕ್ಕೆ ಶಲ್ಯ ಹೊದ್ದು ಭಾಷಣ ಮಾಡುತ್ತಾರೆ, ಕನ್ನಡ ಉಳಿಯುತ್ತದೆಯೇ ಎಂದು ಮೇಜು ಗುದ್ದಿ ಕೇಳುತ್ತಾರೆ. ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಲ್ಲಿ ನನ್ನ ಮನೆಗೆ ಬಂದಾಗ ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ನನ್ನ ಕಡೆ ತಿರುಗುತ್ತಾರೆ.

"ಮಗೂಗೆ ನಾಲ್ಕು ಮಾತು ಕಲಿಸೋಕೆ ಆಗ್ಲಿಲ್ವೇನೇ ನಿನಗೆ?"

"ಅದರಲ್ಲಿ ಕೆಲಸ ಏನಾಗುತ್ತೆ ಅಪ್ಪಾ?" ಎಂದು ಒಮ್ಮೆ ಕೇಳಿದೆ. ಅವರಿಗೆ ಏನೂ ನೆನಪಾಗಲಿಲ್ಲ. ನಾನು ಕೊಂಕು ಮಾತಾಡುತ್ತೇನೆ ಎಂದು ಅಮ್ಮನ ಹತ್ತಿರ ಹೇಳಿದರಂತೆ.

ಅಪ್ಪನನ್ನು ಹೀಗೆ ಕುಟುಕುತ್ತಾ ನಾನು ಮಾಡುತ್ತಿದ್ದ ಕೆಲಸವೇನೆಂದರೆ, ವೃದ್ಧಾಶ್ರಮಗಳಲ್ಲಿ ಹೊಸದಾಗಿ ಸೇರಿದ ಆರೈಕೆಯವರಿಗೆ ಅಲ್ಲಿಯ ಚೀನೀ ಮುದುಕರ ಜೊತೆ ಆಡಲು ಬೇಕಾದ ನಾಲ್ಕು ಮಾತು ಕಲಿಸುವುದು. ಅಡಿಲೇಡ್‌ನಲ್ಲೇ ಕಿಲ್ಬರ್ನ್ ಹತ್ತಿರದ ಒಂದು ಆಶ್ರಮದ ಮ್ಯಾನೇಜರ್, ಇಲ್ಲಿ ಕ್ಯಾಂಟೊನೀಸ್‌ನವರೂ ಕೆಲವರಿದ್ದಾರೆ, ಹೊಸಬರಿಗೆ ಯಾವುದು ಬೇಕು, ಎರಡೂ ಕಲಿಸಬೇಕೇ ಎಂದು ಕೇಳಿದರು. ನನಗೆ ಯೋಚಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಮ್ಯಾಂಡರಿನ್ ಒಂದೇ ಸಾಕು, ಎರಡಾದರೆ ಹೊಸಬರ ತಲೆ ಕೆಡುತ್ತದೆ, ಮುಂದೆ ಇರುವುದೂ ಅದೇ ಎಂದೆ. ಇಪ್ಪತ್ತು ವಾಕ್ಯಗಳ ಕಾರ್ಡು ಮಾಡಿಕೊಟ್ಟೆ. ನೋವಿದೆಯೇ, ನೀರು ಬೇಕೇ, ಊಟ ಮಾಡಿ. ಪ್ಲಾಸ್ಟಿಕ್ ಹಾಕಿಸಿ ಗೋಡೆಗಳಿಗೆ ಅಂಟಿಸಿದರು. ಐವಿ ಆಂಟಿ ತಾಯಿಯ ಜೊತೆ ಅಡಿಲೇಡ್‌ಗೆ ಬಂದು ನೆಲೆಸಿದ್ದಾರೆ ಎಂದು ಅಮ್ಮ ಫೋನಿನಲ್ಲಿ ಎರಡು ಸಲ ಹೇಳಿದ್ದಳು, ನಂಬರನ್ನೂ ಕಳಿಸಿದ್ದಳು. ನಾನು ಫೋನು ಮಾಡಿರಲಿಲ್ಲ. ಯಾವ ಭಾಷೆಯಲ್ಲಿ ಮಾತಾಡಲಿ ಎಂದು ನೆಪ ಹೇಳಿಕೊಂಡಿದ್ದೆ.

ಹೋದ ತಿಂಗಳು ಆ ಆಶ್ರಮದಿಂದ ರಶ್ಮಿ ಫೋನು ಮಾಡಿದಳು. ಮೈಸೂರಿನವಳು, ಗಂಡನ ವೀಸಾದ ಮೇಲೆ ಬಂದು ಎಂಟು ತಿಂಗಳಾಗಿದೆ, ನನ್ನ ಕ್ಲಾಸಿನಲ್ಲಿ ಕೂತವಳು.

"ಮೇಡಂ, ಬೇಜಾರು ಮಾಡ್ಕೋಬೇಡಿ, ನಿಮ್ ಕಾರ್ಡು ಒಬ್ರು ಅಜ್ಜಿ ಹತ್ರ ಕೆಲಸಾನೇ ಮಾಡ್ತಿಲ್ಲ. ಅವ್ರ ಮಗಳಿಗೆ ಸೊಂಟದ ಆಪರೇಷನ್ನು, ಅದಕ್ಕೇ ಇಲ್ಲಿ ಬಿಟ್ಟಿದಾರೆ. ಆಪರೇಷನ್‌ಗೆ ಮುಂಚೆ ಮಗಳು ಬಂದಾಗ ಮಾತ್ರ ತಿಂತಿದ್ರಂತೆ. ಈಗ ಮಗಳು ಆಸ್ಪತ್ರೇಲಿ, ನಾಲ್ಕು ದಿನದಿಂದ ಬರೀ ಪ್ರೋಟೀನ್ ಡ್ರಿಂಕು. ನೀವು ಹೇಳ್ಕೊಟ್ಟ ಹಾಗೇ ಊಟ ಮಾಡಿ ಅಂತೀನಿ. ಕೈ ಮಡಿಲಲ್ಲಿ ಇಟ್ಕೊಂಡು ಕೂತ್ಬಿಡ್ತಾರೆ. ಡಾಕ್ಟ್ರು ವಯಸ್ಸಾಯ್ತು, ಹಸಿವೆ ಹೋಗಿದೆ ಅಂತಾರೆ. ನನಗ್ಯಾಕೋ ಹಸಿವೆ ಇದೆ ಅನ್ಸುತ್ತೆ."

ಕೈ ಹೇಗೆ ಇಟ್ಟುಕೊಂಡಿರುತ್ತಾರೆ ಎಂದು ಕೇಳಿದೆ. ಬಲಗೈ ಮೇಲೆ, ಎಡಗೈ ಕೆಳಗೆ ಅಂದಳು. ನಾನು ಕಾರಿನ ಕೀ ಹುಡುಕಿದೆ.

ಮಧ್ಯಾಹ್ನದ ಊಟದ ಹೊತ್ತು. ಕಿಟಕಿಯ ಪಕ್ಕದ ಮೇಜಿನಲ್ಲಿ ಅವಳು ಕೂತಿದ್ದಳು, ಉಣ್ಣೆಯ ಟೋಪಿ, ಮಗುವಿನಷ್ಟು ಮೈ. ಎದುರಿಗೆ ಗಂಜಿ, ಪಕ್ಕದಲ್ಲಿ ಹೆಸರು ಬರೆದ ಊಟದ ಪಟ್ಟಿ. ತಲೆಯ ಮೇಲೆ ಗೋಡೆಗೆ ನನ್ನ ಕಾರ್ಡು. ಕುರ್ಚಿ ಎಳೆದು ಎದುರಿಗೆ ಕೂತೆ. ಮೂವತ್ತು ವರ್ಷ ಆಡದ ಮಾತು ಬಾಯಿಗೆ ಬರುತ್ತದೋ ಇಲ್ಲವೋ ಎಂದು ಹೆದರಿದ್ದೆ. ಬಂತು.

"ಪೋಪೋ, ಸಿಕ್ ಫಾನ್."

ಅವಳು ತಲೆಯೆತ್ತಿ ನನ್ನನ್ನು ಬಹಳ ಹೊತ್ತು ನೋಡಿದಳು. "ಮುಯ್‌ಮುಯ್," ಅಂದಳು. ನನ್ನ ಕಣ್ಣು ತುಂಬಿತು, ಎಲ್ಲ ಮುಗಿಯಿತು, ಕ್ಷಮೆ ಸಿಕ್ಕಿಬಿಟ್ಟಿತು ಎಂದುಕೊಂಡೆ. ಆಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಪಾಠ ಒಪ್ಪಿಸುವವಳ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಮ್ಯಾಂಡರಿನ್‌ನಲ್ಲಿ ಹೇಳಿದಳು.

"ತ್ಸಿ ಫಾನ್."

ಹೇಳಿ ನನ್ನ ಮುಖ ನೋಡಿದಳು, ಸರಿಯಾಯಿತೇ ಎಂದು. ನಾನು ಅವಳ ಮಾತಿನಲ್ಲೇ ಮತ್ತೆ ಕರೆದೆ. ಅವಳು ಮತ್ತೆ ಒಪ್ಪಿಸಿದಳು. ಮೂರನೆಯ ಸಲ ಕರೆದಾಗ, ತಪ್ಪಾಯಿತೇನೋ ಎಂದು ಇನ್ನೂ ಜೋರಾಗಿ, ಇನ್ನೂ ಜಾಗ್ರತೆಯಿಂದ ಹೇಳಿದಳು. ಕೈ ಮಡಿಲಿನಿಂದ ಏಳಲಿಲ್ಲ. ನಾನು ಎದುರಿಗೆ ಇರುವಷ್ಟು ಹೊತ್ತೂ ಅವಳಿಗೆ ಅದು ಊಟದ ಮೇಜಲ್ಲ, ಪರೀಕ್ಷೆ.

ರಶ್ಮಿ ನನ್ನ ಹಿಂದೆ ಟ್ರೇ ಹಿಡಿದು ನಿಂತಿದ್ದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಟ್ರೇ ಕೆಳಗಿಟ್ಟು, ಪೋಪೋಳ ಪಕ್ಕ ಮಂಡಿಯೂರಿ ಕೂತು, ಅಪ್ಪಟ ಮೈಸೂರಿನ ನಾಲಿಗೆಯಲ್ಲಿ ಎಳೆದು ಕರೆದಳು.

"ಪೋಪೋ... ಸಿಕ್ ಫಾನ್?"

ಪೋಪೋ ಹ್ಞೂಂ ಅಂದಳು. ಬಲಗೈ ಮಡಿಲಿನಿಂದ ಎದ್ದು ಚಮಚ ಹಿಡಿಯಿತು. ಒಂದು ತುತ್ತು, ಇನ್ನೊಂದು, ಮತ್ತೊಂದು. ಅವಳಿಗೆ ಬಹಳ ಹಸಿವಾಗಿತ್ತು.

"ಅಯ್ಯೋ, ಇಷ್ಟೇನಾ ಮೇಡಂ? ಎರಡು ಮಾತು!" ಅಂದಳು ರಶ್ಮಿ, ಸಂತೋಷದಿಂದ ನನ್ನ ಕಡೆ ತಿರುಗಿ. "ಮೊದ್ಲೇ ಯಾಕೆ ಹೇಳ್ಕೊಡ್ಲಿಲ್ಲ ನೀವು?"

ನಾನು ಎದುರಿಗೆ ಕೂತೇ ಇದ್ದೆ, ಕೈ ಮಡಿಲಲ್ಲಿ ಇಟ್ಟುಕೊಂಡು.